ನೂರು ತುಣುಕಿನ ಹಳೇ ಕಾಗದದ ಕಟ್ಟು: ಬಣ್ಣದ ಲೇಬಲ್ಲಿಗಿಂತ ಲೆಕ್ಕದ ಹಾಳೆಯೇ ಲಾಭ

‘ವಿಂಟೇಜ್ ಎಫೆಮೆರಾ, 100 ತುಣುಕು, ಎಲ್ಲವೂ ಅಸಲಿ’ ಎಂದು ಆನ್‌ಲೈನಿನಲ್ಲಿ ಮಾರುವ ಮಿಶ್ರ ಕಟ್ಟು ಇದು. ಕೆಲಸ ಮುಗಿದ ಮೇಲೆ ಎಸೆಯಲೆಂದೇ ಅಚ್ಚಾದ ಬಿಲ್ಲು, ರಸೀದಿ, ಟಿಕೆಟ್ಟು, ಲೇಬಲ್ಲು, ಲಕೋಟೆಗಳು (ಇವೇ ಎಫೆಮೆರಾ) ಯಾರೂ ಎಸೆಯದೆ ಉಳಿದು ಈಗ ಕೊಲಾಜ್, ಜಂಕ್ ಜರ್ನಲ್ (ಹಳೇ ಕಾಗದ ಹೊಲಿದು ಮಾಡುವ ಪುಸ್ತಕ), ಶುಭಾಶಯ ಪತ್ರ ಮಾಡುವವರ ಕಚ್ಚಾಸಾಮಗ್ರಿಯಾಗಿವೆ. ಮೊದಲೇ ಹೇಳಿಬಿಡುವುದಾದರೆ, ಕೊಳ್ಳಬಹುದು. ಆದರೆ ಮಾರಾಟದ ಪುಟದಲ್ಲಿ ಬೀಸಣಿಗೆಯಂತೆ ಹರಡಿ ಫೋಟೋ ತೆಗೆದ ಬಣ್ಣದ ಲೇಬಲ್ಲಿಗೂ ಅಂಚೆಕಾರ್ಡಿಗೂ ಮರುಳಾಗಿ ಅಲ್ಲ. ಕಟ್ಟಿನ ನಿಜವಾದ ಬೆಲೆ ಇರುವುದು ಅಡಿಯಲ್ಲಿ ಮಡಚಿಟ್ಟ ಲೆಕ್ಕದ ಪುಸ್ತಕದ ಹಾಳೆಗಳಲ್ಲಿ.

ಬಿಚ್ಚಿ ಎಣಿಸಿದರೆ ಸಿಕ್ಕಿದ್ದು ಇಷ್ಟು: ಅಚ್ಚಾದ ಪುಸ್ತಕಗಳಿಂದ ಕಿತ್ತ ಹಾಳೆ 41, ಲೆಕ್ಕದ ಹಾಳೆ ಮತ್ತು ಬಿಲ್ಲು 22, ಸ್ಟ್ಯಾಂಪು ಇದ್ದ ಲಕೋಟೆ 14, ಲೇಬಲ್ಲು 9, ಅಂಚೆಕಾರ್ಡು 6, ಹಳೇ ರಟ್ಟಿನ ಟಿಕೆಟ್ಟು 4, ಮತ್ತೆ 4 ಹೊಸದಾಗಿ ಅಚ್ಚು ಹಾಕಿದ ನಕಲು. ಸಂಖ್ಯೆಯಲ್ಲಿ ಮೋಸವಿಲ್ಲ, ನೂರಕ್ಕೆ ನೂರು. ಆದರೆ ನೂರರಲ್ಲಿ 41 ಪುಸ್ತಕದ ಹಾಳೆ ಎಂದರೆ ತುಂಬಿಸಿದ್ದು ಎಂದೇ ಅರ್ಥ. ಬೈಂಡು ಕಿತ್ತುಹೋದ ಒಂದೇ ಪುಸ್ತಕ ನಲವತ್ತು ‘ತುಣುಕು’ ಆಗಿಬಿಡುತ್ತದೆ.

ಪೊಟ್ಟಣ ಬಿಚ್ಚಿದ ಕೂಡಲೇ ಮೂಗಿಗೆ ಕೆಲಸ ಕೊಡಬೇಕು. ಸ್ವಲ್ಪ ಸಿಹಿಯಾದ, ವೆನಿಲಾ ಛಾಯೆಯ ವಾಸನೆ ಬಂದರೆ ಅದು ಕಾಗದದಲ್ಲಿನ ಮರದ ಅಂಶ ಸವೆಯುತ್ತಿರುವುದು, ಹೆದರಬೇಕಿಲ್ಲ. ಒದ್ದೆ ಬಟ್ಟೆಯ ಮುಗ್ಗಲು ವಾಸನೆ ಬಂದರೆ ಬೂಷ್ಟು. ಅಂಥ ಹಾಳೆಯನ್ನು ಕೋಣೆಯೊಳಗೆ ಬ್ರಷ್ಷಿನಿಂದ ಕೊಡವಬಾರದು, ಬೀಜಕಣಗಳು ಉಳಿದ ತೊಂಬತ್ತೊಂಬತ್ತರ ಮೇಲೂ ಕೂರುತ್ತವೆ. ಮಾಸ್ಕು ಹಾಕಿ, ಹೊರಗೆ ಒಯ್ದು, ಪೂರ್ತಿ ಒಣಗಿದ ಮೇಲೆ ಮೆತ್ತಗೆ ಉಜ್ಜಬೇಕು. ಅದಕ್ಕೂ ವಾಸನೆ ಬಿಡದಿದ್ದರೆ ಎಸೆದುಬಿಡಿ, ಒಂದು ಹಾಳೆಗಾಗಿ ಸಂಗ್ರಹವನ್ನೇ ಪಣಕ್ಕಿಡುವುದು ಜಾಣತನವಲ್ಲ.

ಅಂಚಿನಲ್ಲಿ ಕೆರೆದು ತಿಂದಂಥ ಗುರುತು, ಮೆಣಸಿನಪುಡಿಯಂಥ ಕಪ್ಪು ಹರಳು ಕಂಡರೆ ಸಿಲ್ವರ್‌ಫಿಶ್ ಹುಳ ಇತ್ತೆಂದು ಲೆಕ್ಕ. ಅದಕ್ಕೆ ಬೇಕಿರುವುದು ಕಾಗದದ ಮೇಲಿನ ಗಂಜಿ ಮತ್ತು ಅಂಟು. ಕಟ್ಟನ್ನು ಗಾಳಿಯಾಡದ ಜಿಪ್ ಕವರಿನಲ್ಲಿ ಹಾಕಿ, ಒಳಗಿನ ಗಾಳಿಯನ್ನು ಆದಷ್ಟು ಒತ್ತಿ ತೆಗೆದು, ಮೈನಸ್ 18 ಡಿಗ್ರಿ ಅಥವಾ ಅದಕ್ಕಿಂತ ತಣ್ಣನೆಯ ಫ್ರೀಜರಿನಲ್ಲಿ ಎರಡು ವಾರ ಇಡುವುದು ಸುರಕ್ಷಿತ. ಎಡವಟ್ಟಾಗುವುದು ಹೊರಗೆ ತೆಗೆದಾಗ. ತಣ್ಣಗಿರುವಾಗಲೇ ಕವರು ಬಿಚ್ಚಿದರೆ ಗಾಳಿಯ ತೇವವೆಲ್ಲ ಕಾಗದದ ಮೇಲೆ ನೀರಾಗಿ ಇಳಿದು, ಹುಳ ಮಾಡದ ಹಾನಿಯನ್ನು ನೀರು ಮಾಡುತ್ತದೆ. ಒಂದು ದಿನ ಹಾಗೇ ಬಿಟ್ಟು, ಕೋಣೆಯ ಬಿಸಿಗೆ ಬಂದ ಮೇಲೆ ಬಿಚ್ಚಬೇಕು.

ಈಗ ಪುಸ್ತಕದ ಹಾಳೆಗಳು. ಇವುಗಳ ಅಂಚು ಕಂದು, ನಡು ತಿಳಿ. ಮರವನ್ನು ಅರೆದು ತಿರುಳು ಮಾಡುವ ವಿಧಾನ 1840ರ ದಶಕದಲ್ಲಿ ಬಂತು. ಅದರಿಂದ ಕಾಗದ ಅಗ್ಗವಾಯಿತು, ಆಯಸ್ಸು ಕಮ್ಮಿಯಾಯಿತು. ಮರದಲ್ಲಿನ ಲಿಗ್ನಿನ್ ಬೆಳಕಿಗೂ ಗಾಳಿಗೂ ಕಂದಾಗುತ್ತದೆ. ಶಾಯಿ ಹರಡದಿರಲೆಂದು ಬೆರೆಸುತ್ತಿದ್ದ ಪಟಿಕ ಮತ್ತು ರಾಳ ಆಮ್ಲವನ್ನು ಬಿಟ್ಟು ನಾರನ್ನು ತುಂಡರಿಸುತ್ತವೆ. ಹಾಳೆಯ ಗಟ್ಟಿತನ ತಿಳಿಯಲು ಮೂಲೆಯೊಂದನ್ನು ಹಿಂದೆ ಮುಂದೆ ಮಡಚಿ ನೋಡಿ. ಎರಡು ಮೂರು ಮಡಿಕೆಗೇ ಒಣಗಿದ ಎಲೆಯಂತೆ ಮುರಿದು ಬಿದ್ದರೆ ಅದು ಮಡಿಕೆ ಬೇಡುವ ಯಾವ ಕೆಲಸಕ್ಕೂ ಆಗದು. ಲಕೋಟೆ, ಜೇಬು, ಹೂವು ಮಾಡುವ ಆಸೆ ಬಿಟ್ಟು ಬರೀ ಹಿನ್ನೆಲೆಗೆ ಚಪ್ಪಟೆಯಾಗಿ ಅಂಟಿಸಬೇಕು. ಈ ಕಟ್ಟಿನ 41ರಲ್ಲಿ 17 ಹೀಗೆ ಮುರಿದವು. ಮೂಲೆ ಕೆಡಿಸಲು ಮನಸ್ಸಿಲ್ಲದವರು ಆಮ್ಲ ಪತ್ತೆ ಮಾಡುವ ಪಿಎಚ್ ಪೆನ್ನಿನಿಂದ ಚಿಕ್ಕ ಚುಕ್ಕೆ ಇಟ್ಟು ನೋಡಬಹುದು. ನೇರಳೆಗೆ ತಿರುಗಿದರೆ ಆಮ್ಲವಿಲ್ಲ, ಹಳದಿಯಾದರೆ ಇದೆ. ಚುಕ್ಕೆ ಅಳಿಸಿ ಹೋಗುವುದಿಲ್ಲ, ಕತ್ತರಿಸಿ ಎಸೆಯುವ ಅಂಚಿನಲ್ಲೇ ಇಡಿ.

ಲೆಕ್ಕದ ಹಾಳೆ ಕೈಗೆ ತೆಗೆದುಕೊಂಡರೆ ವ್ಯತ್ಯಾಸ ಕಿವಿಗೇ ಗೊತ್ತಾಗುತ್ತದೆ. ಅಲುಗಿಸಿದರೆ ಗರಗರ ಸದ್ದು. ವರ್ಷಗಟ್ಟಲೆ ತಿರುವಿ ಹಾಕಲೆಂದು ಮಾಡಿದ ಇಂಥ ಪುಸ್ತಕಗಳ ಕಾಗದದಲ್ಲಿ ಎಷ್ಟೋ ಸಲ ಹತ್ತಿ ಬಟ್ಟೆಯ ನಾರು ಇರುತ್ತದೆ, ಮೇಲೆ ಜೆಲಾಟಿನ್ ಲೇಪ. ಬೆಳಕಿಗೆ ಹಿಡಿದರೆ 22ರಲ್ಲಿ ಐದಕ್ಕೆ ನೀರಚ್ಚು (ವಾಟರ್‌ಮಾರ್ಕ್) ಕಂಡಿತು. ಮಡಚಿದರೆ ಮಡಿಕೆ ನಿಲ್ಲುತ್ತದೆ, ಹೊಲಿದರೆ ದಾರ ಹರಿದು ಬರುವುದಿಲ್ಲ. ಜಂಕ್ ಜರ್ನಲಿನ ಒಳಹಾಳೆಗೆ, ಜೇಬಿಗೆ, ಪುಸ್ತಕದ ಬೆನ್ನಿಗೆ ಇದಕ್ಕಿಂತ ಒಳ್ಳೆಯದು ಈ ಕಟ್ಟಿನಲ್ಲಿ ಇನ್ನೊಂದಿಲ್ಲ. ಅಂಕಿಗಳ ಸಾಲು, ಕೂಡಿ ತಪ್ಪಿ ಹೊಡೆದುಹಾಕಿದ ಮೊತ್ತ, ಅಂಚಿನಲ್ಲಿ ಗುಮಾಸ್ತ ಪೆನ್ನು ಪರೀಕ್ಷಿಸಿದ ಗೀಚು ಇವೆಲ್ಲ ಹೊಸ ಅಚ್ಚಿನಲ್ಲಿ ಸಿಗುವಂಥವಲ್ಲ.

ಆದರೆ ಒದ್ದೆ ಮಾಡುವ ಮುಂಚೆ ಒಂದು ಪರೀಕ್ಷೆ ತಪ್ಪಿಸಬಾರದು. ಹತ್ತಿಕಡ್ಡಿಯನ್ನು ನೀರಿಗೆ ಅದ್ದಿ, ಹಿಂಡಿ, ಶಾಯಿಯ ಒಂದು ಪೂರ್ಣವಿರಾಮದ ಮೇಲೆ, ಕೆಂಪು ಗೆರೆಯ ಮೇಲೆ, ನೀಲಿ ಗೆರೆಯ ಮೇಲೆ ಬೇರೆ ಬೇರೆಯಾಗಿ ಅರ್ಧ ನಿಮಿಷ ಇಟ್ಟು ಎತ್ತಿ ನೋಡಿ. ಕಪ್ಪಾಗಿ ಬರೆದು ಈಗ ಕಂದಾಗಿರುವ ಕಬ್ಬಿಣದ ಶಾಯಿ ಬಹುತೇಕ ಅಲುಗದು, ಹತ್ತಿ ಬಿಳಿಯಾಗೇ ಉಳಿಯುತ್ತದೆ. ಮೋಸ ಹೋಗುವುದು ಗೆರೆಗಳಲ್ಲಿ. ಯಂತ್ರದಲ್ಲಿ ಎಳೆದ ಆ ಕೆಂಪು, ನೀಲಿ ಗೆರೆಗಳು ಎಷ್ಟೋ ಸಲ ನೀರಿಗೆ ಕರಗುವ ಬಣ್ಣದವು. ಅಂಟು ಹಚ್ಚಿದ ನಿಮಿಷಕ್ಕೆ ಇಡೀ ಹಾಳೆ ಗುಲಾಬಿ ತಿರುಗುತ್ತದೆ. ಇನ್ನೊಂದು ಕಾಪಿಯಿಂಗ್ ಪೆನ್ಸಿಲ್. ಒಣಗಿರುವಾಗ ಸಾಧಾರಣ ಸೀಸದಂತೆ ಬೂದಿ ಬಣ್ಣ, ನೀರು ತಗುಲಿದರೆ ಕಡು ನೇರಳೆ. ಬಿಲ್ಲಿನ ಸಹಿಗಳಲ್ಲಿ ಇದು ಹೆಚ್ಚು. ಪರೀಕ್ಷೆಯಲ್ಲಿ ಬಣ್ಣ ಬಿಟ್ಟ ಹಾಳೆಗೆ ನೀರಿನ ಅಂಟು ಬೇಡ. ಅಂಚಿಗೆ ಮಾತ್ರ ಆಮ್ಲರಹಿತ ಎರಡು ಬದಿಯ ಟೇಪು ಹಾಕಿ, ಇಲ್ಲವೇ ಹೊಲಿದುಬಿಡಿ. ಕಬ್ಬಿಣದ ಶಾಯಿಯಲ್ಲೂ ಒಂದು ಎಚ್ಚರಿಕೆ ಬೇಕು. ಅಕ್ಷರದ ಹಿಂಬದಿಯಲ್ಲಿ ಸುಟ್ಟಂಥ ಕಂದು ನೆರಳು ಕಂಡರೆ ಶಾಯಿ ಕಾಗದವನ್ನು ತಿನ್ನುತ್ತಿದೆ. ಒದ್ದೆಯಾದರೆ ಅದು ಇನ್ನೂ ಹರಡುತ್ತದೆ, ಮಡಿಕೆ ಬಿದ್ದಲ್ಲಿ ಅಕ್ಷರ ಉದುರಿ ತೂತಾಗುತ್ತದೆ.

‘ಎಲ್ಲವೂ ಅಸಲಿ’ ಎಂಬ ಮಾತು ನಾಲ್ಕು ತುಣುಕಿನಲ್ಲಿ ಸುಳ್ಳಾಯಿತು. ಮೂರು ಔಷಧಿ ಲೇಬಲ್ಲು, ಒಂದು ಪ್ರವೇಶ ಟಿಕೆಟ್ಟು. ಟಿಕೆಟ್ಟಿನದಂತೂ ನಗು ಬರಿಸುವಂಥದ್ದು: ಹರಿಯಲು ಇರಬೇಕಾದ ತೂತಿನ ಸಾಲು ತೂತೇ ಅಲ್ಲ, ತೂತಿನ ಚಿತ್ರ. ಲೇಬಲ್ಲಿನ ಕಲೆ ಮುಂದೆ ಮಾತ್ರ, ಹಿಂದೆ ಹಾಲಿನಂಥ ಬಿಳಿ. ನಿಜವಾದ ಕಲೆ ಕಾಗದದೊಳಗೆ ಇಳಿದು ಹಿಂಬದಿಯಲ್ಲೂ ಅಷ್ಟೋ ಇಷ್ಟೋ ಕಾಣಲೇಬೇಕು. ಇನ್ನೂ ಅನುಮಾನವಿದ್ದರೆ ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ಸಾಕು. ಅಚ್ಚುಮೊಳೆ ಜೋಡಿಸಿ ಒತ್ತಿದ ಹಳೇ ಅಚ್ಚಿನಲ್ಲಿ ಅಕ್ಷರದ ಅಂಚಿಗೆ ಶಾಯಿ ಹಿಂಡಿಬಂದ ಕಡುಗೆರೆ ಕಾಣುತ್ತದೆ, ಹಿಂದೆ ಬೆರಳಾಡಿಸಿದರೆ ಉಬ್ಬು ಸಿಗುತ್ತದೆ. ಕಲ್ಲಚ್ಚಿನ ಬಣ್ಣದ ಚಿತ್ರದಲ್ಲಿ ಚುಕ್ಕೆಗಳು ಕೈಯಿಂದ ಇಟ್ಟಂತೆ ಸೊಟ್ಟಪಟ್ಟ. ಈಗಿನ ಆಫ್‌ಸೆಟ್ಟಿನಲ್ಲಿ ನಾಲ್ಕು ಬಣ್ಣದ ಚುಕ್ಕೆಗಳು ಪುಟ್ಟ ಹೂವಿನಂತೆ ಅಚ್ಚುಕಟ್ಟಾಗಿ ಸುತ್ತುಗಟ್ಟಿರುತ್ತವೆ. ಇಂಕ್‌ಜೆಟ್ಟಿನದಾದರೆ ಕಪ್ಪಕ್ಷರದ ಸುತ್ತಲೂ ಎರಚಿದ ತುಂತುರು. ಕತ್ತಲಲ್ಲಿ ಅತಿನೇರಳೆ ಟಾರ್ಚು ಹಾಕಿ ನೋಡುವುದು ಇನ್ನೂ ಸುಲಭ. ಕಾಗದಕ್ಕೆ ಬಿಳುಪು ಹೆಚ್ಚಿಸುವ ರಾಸಾಯನಿಕ ಬೆರೆಸುವುದು ಸುಮಾರು 1950ರಿಂದೀಚಿನ ರೂಢಿ. ನೀಲಿಯಾಗಿ ಹೊಳೆದರೆ ಅದು ಅದಕ್ಕಿಂತ ಹಳೆಯದಾಗಿರುವುದು ಕಷ್ಟ. ಹೊಳೆಯಲಿಲ್ಲವೆಂದ ಮಾತ್ರಕ್ಕೆ ಹಳೆಯದೆಂದೂ ಅಲ್ಲ, ಆ ರಾಸಾಯನಿಕವಿಲ್ಲದ ಕಾಗದ ಈಗಲೂ ತಯಾರಾಗುತ್ತದೆ.

ಅಂಚೆಕಾರ್ಡಿನ ಹಿಂಬದಿಯನ್ನು ನಡುವೆ ಗೆರೆ ಎಳೆದು ವಿಳಾಸಕ್ಕೂ ಒಕ್ಕಣೆಗೂ ಹಂಚುವ ಪದ್ಧತಿ ಬ್ರಿಟನ್ನಿನಲ್ಲಿ 1902ರಲ್ಲಿ, ಅಮೆರಿಕದಲ್ಲಿ 1907ರಲ್ಲಿ ಬಂತು. ಗೆರೆಯಿಲ್ಲದೆ ಹಿಂಬದಿಯೆಲ್ಲ ವಿಳಾಸಕ್ಕೇ ಮೀಸಲಾಗಿದ್ದರೆ ಅದಕ್ಕೆ ಕತ್ತರಿ ಹಾಕುವ ಮುಂಚೆ ಯಾರಾದರೂ ಸಂಗ್ರಾಹಕರಿಗೆ ತೋರಿಸಿ. ಈ ಕಟ್ಟಿನ ಆರೂ ಗೆರೆಯಿದ್ದವು, ಸಾಧಾರಣ.

ಲಕೋಟೆಯ ಸ್ಟ್ಯಾಂಪನ್ನು ನೆನೆಸಿ ಬಿಡಿಸುವುದು ಎಲ್ಲರ ಮೊದಲ ಯೋಚನೆ. ಬೇಡ. ಅಂಚೆ ಮೊಹರು ಪೂರ್ತಿ ಬಿದ್ದಿರುವ ಲಕೋಟೆಗೆ ಸಂಗ್ರಾಹಕರಲ್ಲಿ ಬಿಡಿ ಸ್ಟ್ಯಾಂಪಿಗಿಂತ ಹೆಚ್ಚು ಬೆಲೆ ಇರುವುದುಂಟು. ಕರಕುಶಲಕ್ಕೂ ಮೊಹರಿನ ಅರ್ಧ ಚಂದ್ರ ಸಮೇತ ಕತ್ತರಿಸಿದ ತುಣುಕೇ ಚಂದ. ಬಿಡಿಸಲೇಬೇಕಾದರೆ ಉಗುರುಬೆಚ್ಚಗಿನ ನೀರಿನಲ್ಲಿ ಕಾಲು ಗಂಟೆ, ಚಿತ್ರ ಮೇಲಾಗಿ ತೇಲಿಸಿ. ಕೆಂಪು, ಹಸಿರು ಲಕೋಟೆಯ ತುಂಡನ್ನು ಬಿಳಿಯದರ ಜೊತೆ ನೆನೆಸಿದರೆ ಬಣ್ಣ ಎಲ್ಲಕ್ಕೂ ಹತ್ತುತ್ತದೆ. ಲಕೋಟೆಯ ಒಳಮೈಯನ್ನು ಮಾತ್ರ ಮರೆಯಬೇಡಿ. ಒಳಗಿನ ಬರಹ ಕಾಣದಿರಲೆಂದು ಅಚ್ಚು ಹಾಕಿದ ನೀಲಿ, ಬೂದಿ ಗೆರೆಗಳ ಹೆಣಿಗೆ ಹಿನ್ನೆಲೆಗೆ ಹೇಳಿ ಮಾಡಿಸಿದಂತಿರುತ್ತದೆ.

ನಾಲ್ಕು ರಟ್ಟಿನ ಟಿಕೆಟ್ಟು ಈ ಕಟ್ಟಿನ ನಿಜವಾದ ಬೋನಸ್ಸು. ಬ್ರಿಟನ್ನಿನ ರೈಲ್ವೆ ನೌಕರ ಥಾಮಸ್ ಎಡ್ಮಂಡ್‌ಸನ್ ರೂಪಿಸಿದ ಅಳತೆಯ ರೈಲು ಟಿಕೆಟ್ಟು ಇವು: ಸುಮಾರು 57 ಮಿಲಿಮೀಟರು ಉದ್ದ, 30 ಅಗಲ, ಮುಕ್ಕಾಲು ಮಿಲಿಮೀಟರಿಗಿಂತ ತುಸು ಹೆಚ್ಚು ದಪ್ಪ. ಹಾಗೇ ಅಂಟಿಸಿದರೆ ಪುಸ್ತಕ ಉಬ್ಬುತ್ತದೆ, ಎದುರು ಪುಟದಲ್ಲಿ ಅಚ್ಚೊತ್ತುತ್ತದೆ. ರಟ್ಟು ಪದರ ಪದರವಾದದ್ದು. ಮೂಲೆಯಲ್ಲಿ ತೆಳು ಅಲಗನ್ನು ಅಡ್ಡಲಾಗಿ ತೂರಿಸಿ, ಬೆರಳಿಗೆ ಸಿಕ್ಕುವಷ್ಟು ಬಿಡಿಸಿಕೊಂಡು, ಹಿಂದಿನ ಪದರವನ್ನು ಟಿಕೆಟ್ಟಿಗೆ ಒರಗಿಸಿದಂತೆ ಚಪ್ಪಟೆಯಾಗಿ ಹಿಂದಕ್ಕೆ ಎಳೆಯಬೇಕು. ಮೇಲಕ್ಕೆತ್ತಿ ಎಳೆದರೆ ಮುಂದಿನ ಪದರವೇ ಸುರುಳಿಯಾಗಿ ಗೆರೆ ಬೀಳುತ್ತದೆ. ಒಣಗಿದ್ದಾಗಲೇ ಮಾಡಿ, ನೀರು ತಾಗಿಸಿದರೆ ಕ್ರಮಸಂಖ್ಯೆ ಕದಡಬಹುದು.

ಕಟ್ಟಿನ ಜೊತೆ ‘ಉಚಿತ’ ಎಂದು ಕೊಟ್ಟ ಅಂಟುಕಡ್ಡಿಗೆ ನಮ್ಮ ಅಂಕ ಸೊನ್ನೆಗೆ ಹತ್ತಿರ. ಹಚ್ಚುವಾಗ ಎಳೆತಕ್ಕೆ ಹಳೇ ಹಾಳೆ ಹರಿಯುತ್ತದೆ, ಒಣಗಿದ ಮೇಲೆ ಅಂಚು ಎದ್ದು ಬರುತ್ತದೆ. ಹಳೇ ಕಾಗದಕ್ಕೆ ಗೋಧಿ ಪಿಷ್ಟದ ಅಂಟೇ ಸರಿ. ಒಂದು ಪಾಲು ಪಿಷ್ಟ, ಐದು ಪಾಲು ನೀರು. ಅರ್ಧ ಗಂಟೆ ನೆನೆಯಲಿ. ಆಮೇಲೆ ಸಣ್ಣ ಉರಿಯಲ್ಲಿ ಬಿಡದೆ ತಿರುವುತ್ತ ಇಪ್ಪತ್ತರಿಂದ ಇಪ್ಪತ್ತೈದು ನಿಮಿಷ, ಹಾಲುಬಿಳುಪು ಹೋಗಿ ಕನ್ನಡಿಯಂತೆ ತಿಳಿಯಾಗುವವರೆಗೆ. ಆರಿದ ಮೇಲೆ ಜರಡಿಯಲ್ಲಿ ಒತ್ತಿ ಸೋಸಿ, ಬೇಕಾದಷ್ಟೇ ನೀರು ಸೇರಿಸಿ ತೆಳುಗಂಜಿ ಹದಕ್ಕೆ ತನ್ನಿ. ಫ್ರಿಜ್ಜಿನಲ್ಲಿ ಮೂರು ನಾಲ್ಕು ದಿನ ಉಳಿಯುತ್ತದೆ, ಹುಳಿ ವಾಸನೆ ಬಂದರೆ ಚೆಲ್ಲಿ. ಪಿಷ್ಟದ ಬದಲು ಮೈದಾ ಬಳಸಿದರೂ ಅಂಟುತ್ತದೆ, ಆದರೆ ಅದರಲ್ಲಿನ ಪ್ರೋಟೀನು ಹಳದಿಗಟ್ಟಿ ಗಡುಸಾಗುತ್ತದೆ, ಹುಳಕ್ಕಂತೂ ಹಬ್ಬ. ಕಾಯಿಸುವ ತಾಪತ್ರಯ ಬೇಡವೆಂದರೆ ಮೀಥೈಲ್ ಸೆಲ್ಯುಲೋಸ್ ಪುಡಿ: 100 ಮಿಲಿಲೀಟರು ನೀರಿಗೆ 3 ಗ್ರಾಂ, ಕಲಕಿ ರಾತ್ರಿಯಿಡೀ ಬಿಟ್ಟರೆ ಲೋಳೆಯಾಗುತ್ತದೆ. ಹಿಡಿತ ಕಮ್ಮಿ, ತೆಳು ಹಾಳೆಗೆ ಸಾಕು. ಎರಡನ್ನೂ ಬೇಕೆಂದಾಗ ನೀರಿನಿಂದ ಬಿಡಿಸಬಹುದು. ಬಿಳಿ ಪಿವಿಎ ಅಂಟು ಬೇಗ ಕಚ್ಚಿಕೊಳ್ಳುತ್ತದೆ, ಆದರೆ ಒಮ್ಮೆ ಒಣಗಿದರೆ ಹಾಳೆಯನ್ನು ಮರಳಿ ಪಡೆಯುವ ಆಸೆ ಬಿಡಬೇಕು. ರಟ್ಟಿಗೆ ರಟ್ಟು ಅಂಟಿಸಲು ಅದು ಇರಲಿ. ಅದಕ್ಕೆ ಮೀಥೈಲ್ ಸೆಲ್ಯುಲೋಸಿನ ಲೋಳೆಯನ್ನು ಸಮಪಾಲು ಬೆರೆಸಿದರೆ ಒಣಗುವುದು ನಿಧಾನವಾಗಿ, ಹಾಳೆ ಸರಿಸಿ ಕೂರಿಸಲು ಸಮಯ ಸಿಗುತ್ತದೆ. ಸೆಲ್ಲೋಟೇಪು, ರಬ್ಬರ್ ಸಿಮೆಂಟು ಎರಡೂ ವರ್ಷಗಳ ಮೇಲೆ ಕಂದು ಕಲೆಯಾಗಿ ಕಾಗದದೊಳಗೇ ಇಳಿಯುತ್ತವೆ.

ಅಂಟಿಸಿದ ಹಾಳೆಯಲ್ಲಿ ಗುಳ್ಳೆ, ಸುಕ್ಕು ಏಕೆ ಬರುತ್ತದೆಂದರೆ ಒದ್ದೆ ಕಾಗದ ಹಿಗ್ಗುತ್ತದೆ, ಅದೂ ನಾರು ಸಾಗುವ ದಿಕ್ಕಿಗೆ ಅಡ್ಡಲಾಗಿ ಹೆಚ್ಚು. ಹಿಗ್ಗಿ ಮುಗಿಯುವ ಮುಂಚೆ ಅಂಟಿಸಿದರೆ ಉಳಿದ ಹಿಗ್ಗೆಲ್ಲ ಗುಳ್ಳೆಯಾಗುತ್ತದೆ. ಹಿಂಬದಿಗೆ ನೀರಿನ ತುಂತುರು ಹಾಕಿ ಎರಡು ಮೂರು ನಿಮಿಷ ಸುಮ್ಮನೆ ಬಿಡಿ. ಸುರುಳಿಯಾಗಿ ಎದ್ದದ್ದು ಮತ್ತೆ ತಾನೇ ಮಲಗುತ್ತದೆ. ಆಗ ನಡುವಿನಿಂದ ಅಂಚಿನ ಕಡೆಗೆ ಅಂಟು ಹಚ್ಚಿ, ಅಡಿಗಿಟ್ಟ ರದ್ದಿ ಕಾಗದ ಬದಲಿಸಿ, ಬಟರ್ ಪೇಪರಿನ ಮೇಲಿಂದ ಬೋನ್ ಫೋಲ್ಡರಿನಿಂದ (ಕಾಗದ ಒತ್ತುವ ನುಣುಪಾದ ಪಟ್ಟಿ) ಉಜ್ಜಿ. ಮೇಲೂ ಕೆಳಗೂ ಬ್ಲಾಟಿಂಗ್ ಪೇಪರು, ಅದರ ಮೇಲೆ ಭಾರ. ಅರ್ಧ ಗಂಟೆಗೆ ಬ್ಲಾಟಿಂಗ್ ಬದಲಿಸಿ, ಆಮೇಲೆ ಒಂದು ದಿನ ಮುಟ್ಟಬೇಡಿ. ರಟ್ಟಿನ ಒಂದೇ ಬದಿಗೆ ಅಂಟಿಸಿದರೆ ಒಣಗುತ್ತ ಕುಗ್ಗುವ ಕಾಗದ ರಟ್ಟನ್ನು ಬಿಲ್ಲಿನಂತೆ ಬಗ್ಗಿಸುತ್ತದೆ. ಇನ್ನೊಂದು ಬದಿಗೂ ಅಷ್ಟೇ ತೂಕದ ಕಾಗದ ಹಾಕಿ ಎಳೆತ ಸರಿದೂಗಿಸಬೇಕು.

ಮೇಲೆ ವಾರ್ನಿಷ್ ಬಳಿಯುವವರಿಗೆ ಒಂದು ಮಾತು. ತೆಳು ಪುಸ್ತಕದ ಹಾಳೆ ವಾರ್ನಿಷ್ ಹೀರಿ ಪಾರದರ್ಶಕವಾಗಿ, ಹಿಂಬದಿಯ ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿ ಮುಂದೆ ಮೂಡುತ್ತವೆ. ಅಂಟಿಸುವ ಮುಂಚೆ ಹಿಂದೆ ಬಿಳಿ ಟಿಶ್ಯೂ ಕಾಗದದ ಅಸ್ತರಿ ಕೊಟ್ಟು, ಮುಂದೆ ಮೀಥೈಲ್ ಸೆಲ್ಯುಲೋಸಿನ ಒಂದು ತೆಳು ಕೈ ಬಳಿದು ಒಣಗಿಸಿದರೆ ಈ ತೊಂದರೆ ಬಹುಪಾಲು ತಪ್ಪುತ್ತದೆ.

ಒಂದೇ ಒಂದು ಪ್ರತಿ ಇರುವ ಕೈಬರಹದ ಹಾಳೆಯನ್ನು ಕತ್ತರಿಸುವ ಬದಲು ಸ್ಕ್ಯಾನ್ ಮಾಡಿ ಬಳಸುವುದೇ ಮೇಲು. ಅದೇ ಅಳತೆಗೆ 300 ಡಿಪಿಐ (ಇಂಚಿಗೆ ಇಷ್ಟು ಚುಕ್ಕೆ), ಎರಡರಷ್ಟು ದೊಡ್ಡದು ಮಾಡಲು 600. ಲೇಸರ್ ಅಥವಾ ಪಿಗ್ಮೆಂಟ್ ಶಾಯಿಯಲ್ಲಿ ಮುದ್ರಿಸಿದರೆ ಅಂಟಿನ ನೀರಿಗೆ ಹರಡುವುದಿಲ್ಲ, ಸಾದಾ ಡೈ ಇಂಕ್‌ಜೆಟ್ಟು ಹರಡುತ್ತದೆ. ಹೆಸರು, ವಿಳಾಸ, ಖಾತೆ ಸಂಖ್ಯೆ ಇರುವ ಹಾಳೆಯಾದರೆ ಆ ಭಾಗವನ್ನು ಒಳಮಡಿಕೆಗೆ ತಳ್ಳಿ. ಬರೆದವರ ಮೊಮ್ಮಕ್ಕಳು ಬದುಕಿರಬಹುದು.

ಪ್ಯಾಕಿಂಗಿನಲ್ಲಿ ಮಾರಾಟಗಾರರು ಸೋತಿದ್ದಾರೆ. ಹೊಸ ಮಳೆಕೋಟಿನ ವಾಸನೆಯ ಮೆತ್ತನೆ ಕವರು ಪಿವಿಸಿಯದು. ಅದು ಬಿಡುವ ಆಮ್ಲ ಮತ್ತು ಎಣ್ಣೆಯಂಥ ಅಂಶ ಅಚ್ಚಿನ ಶಾಯಿಯನ್ನೇ ಎತ್ತಿಕೊಳ್ಳುತ್ತದೆ. ಬಂದ ದಿನವೇ ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಕವರಿಗೆ ಬದಲಿಸಬೇಕು. ಬಿಲ್ಲುಗಳಿಗೆ ಹಾಕಿದ್ದ ಕ್ಲಿಪ್ಪು ತುಕ್ಕು ಹಿಡಿದಿತ್ತು, ಎಳೆದರೆ ಕಾಗದವೂ ಬರುತ್ತದೆ. ಎರಡೂ ಕಡೆ ಪ್ಲಾಸ್ಟಿಕ್ ಪಟ್ಟಿ ತೂರಿಸಿ ಕ್ಲಿಪ್ಪಿನ ಬಾಯಿ ಅಗಲಿಸಿ ತೆಗೆಯಿರಿ. ಕಂದಾದ ಪುಸ್ತಕದ ಹಾಳೆಗಳನ್ನು ಲೆಕ್ಕದ ಹಾಳೆಗಳ ಜೊತೆ ಒಂದೇ ಕವರಿನಲ್ಲಿ ಇಡಬಾರದು, ಆಮ್ಲ ಪಕ್ಕದ ಹಾಳೆಗೆ ದಾಟಿ ಅದರದೇ ಆಕಾರದ ಕಂದು ನೆರಳು ಬೀಳುತ್ತದೆ.

ಇನ್ನೊಮ್ಮೆ ತರಿಸುವುದಾದರೆ ಮಾರಾಟಗಾರರನ್ನು ಮೊದಲೇ ಕೇಳಬೇಕಾದದ್ದು ಮೂರು: ನೂರರಲ್ಲಿ ಪುಸ್ತಕದ ಹಾಳೆ ಎಷ್ಟು, ಕೈಬರಹದ ಹಾಳೆ ಎಷ್ಟು, ಹಿಂಬದಿಯ ಫೋಟೋ ಕಳಿಸುತ್ತೀರಾ. ಮೂರನೆಯದಕ್ಕೆ ಆಗುವುದಿಲ್ಲ ಎಂದವರಿಂದ ತೂಕದ ಲೆಕ್ಕದ ಕಟ್ಟನ್ನು ಮಾತ್ರ ಕೊಳ್ಳಿ. ತೂಕಕ್ಕೆ ಮಾರುವಲ್ಲಿ ದಪ್ಪ ಲೆಕ್ಕದ ಹಾಳೆಗಳೇ ಹೆಚ್ಚು ಬರುತ್ತವೆ, ತುಣುಕಿನ ಎಣಿಕೆಯಲ್ಲಿ ಮಾರುವಲ್ಲಿ ಪುಸ್ತಕದ ಹಾಳೆ.